ದೀನರಾಗಿರಿ ಎಂದವನ ಕೈಯಲ್ಲಿ ಚಾಟಿಯಿತ್ತು

1833ನೇ ಇಸವಿ. ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿ. ಅಲ್ಲಿ ಲಿಬರ್ಟಿ ಅಂತ ಒಂದು ಕೌಂಟಿ, ನಮ್ಮ ಕಡೆ ತಾಲ್ಲೂಕು ಇದ್ದ ಹಾಗೆ. ಲಿಬರ್ಟಿ ಅಂದರೆ ಸ್ವಾತಂತ್ರ್ಯ. ಆ ಸ್ವಾತಂತ್ರ್ಯದ ಸೀಮೆಯಲ್ಲಿ ಕೆಸರಿಗಿಳಿದು ಭತ್ತ ಬೆಳೆಯುತ್ತಿದ್ದವರು, ಬೆರಳು ಸೀಳಿಕೊಂಡು ಹತ್ತಿ ಬಿಡಿಸುತ್ತಿದ್ದವರು ಕಪ್ಪು ಗುಲಾಮರು. ಅವರ ಮುಂದೆ ನಿಂತು ಚಾರ್ಲ್ಸ್ ಕೊಲ್ಕಾಕ್ ಜೋನ್ಸ್ ಎಂಬ ಬಿಳಿ ಪಾದ್ರಿ ಉಪದೇಶ ಮಾಡುತ್ತಿದ್ದ. ಅವತ್ತು ಅವನು ಆರಿಸಿಕೊಂಡದ್ದು ಸಂತ ಪೌಲ ಫಿಲೆಮೋನನಿಗೆ ಬರೆದ ಕಾಗದ. ಧಣಿಯ ಮನೆಯಿಂದ ತಪ್ಪಿಸಿಕೊಂಡು ಬಂದ ಒನೇಸಿಮ ಎಂಬ ಗುಲಾಮನನ್ನು ಪೌಲ ಮತ್ತೆ ಧಣಿಯ ಬಳಿಗೇ ಕಳಿಸಿದ ಸಂಗತಿ ಅದರಲ್ಲಿದೆ. ಜೋನ್ಸ್ ಅದನ್ನು ಹಿಡಿದುಕೊಂಡು, ನಿಷ್ಠೆ ವಿಧೇಯತೆ ಆಳಾದವನ ಕ್ರೈಸ್ತ ಗುಣಗಳು, ಓಡಿಹೋಗುವುದು ತಪ್ಪು ಅಂತ ಒತ್ತಿ ಒತ್ತಿ ಹೇಳತೊಡಗಿದ.

ಕೂತವರಲ್ಲಿ ಅರ್ಧ ಜನ ಎದ್ದರು. ಕೂಗಾಡಲಿಲ್ಲ, ಕಲ್ಲು ತೂರಲಿಲ್ಲ. ಸುಮ್ಮನೆ ಎದ್ದು ಹೊರಟೇ ಹೋದರು. ಉಳಿದವರ ಮುಖವೂ ಗಂಟಾಗಿತ್ತು. ಉಪದೇಶ ಮುಗಿದ ಮೇಲೆ ಕೆಲವರು, ಅಂಥ ಕಾಗದ ಬೈಬಲಿನಲ್ಲಿ ಇಲ್ಲವೇ ಇಲ್ಲ ಅಂದರು. ಕೆಲವರು, ಇದು ಸುವಾರ್ತೆಯೇ ಅಲ್ಲ ಅಂದರು. ಇವನು ಧಣಿಗಳನ್ನು ಮೆಚ್ಚಿಸೋಕೆ ಬೋಧನೆ ಮಾಡ್ತಾನೆ ಅಂದವರೂ ಉಂಟು, ಇನ್ನು ಮೇಲೆ ಇವನ ಮಾತು ಕೇಳದೆ ಇದ್ದರೂ ನಮಗೇನೂ ನಷ್ಟವಿಲ್ಲ ಅಂದವರೂ ಉಂಟು. ಇದನ್ನೆಲ್ಲ ಬರೆದಿಟ್ಟವರು ಆ ಗುಲಾಮರಲ್ಲ. ಅವರಿಗೆ ಅಕ್ಷರ ಕಲಿಸುವುದೇ ಜಾರ್ಜಿಯಾದಲ್ಲಿ 1829ರಿಂದ ಅಪರಾಧವಾಗಿತ್ತು. ಬರೆದಿಟ್ಟವನು ಜೋನ್ಸನೇ, ಎಷ್ಟೋ ವರ್ಷದ ಮೇಲೆ, ತನ್ನದೇ ವರದಿಯಲ್ಲಿ. ಎದ್ದು ಹೋದವರಲ್ಲಿ ಒಬ್ಬರ ಹೆಸರೂ ಅದರಲ್ಲಿಲ್ಲ. ಹೆಸರಿಲ್ಲದ ಆ ಅರ್ಧ ಸಭೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೆನ್ನ ಮೇಲೆ ಚಾಟಿ ಬೀಳುತ್ತದೆ ಅಂತ ಗೊತ್ತಿದ್ದೂ ಎದ್ದವರು ಅವರು.

ಈ ಜೋನ್ಸ್ ರಾಕ್ಷಸನಲ್ಲ. ಯೋಚನೆ ಮಾಡಬೇಕಾದ್ದು ಅದನ್ನೇ. ಉತ್ತರದ ರಾಜ್ಯಗಳಲ್ಲಿ ಓದುತ್ತಿದ್ದಾಗ ಗುಲಾಮಗಿರಿ ಅನ್ಯಾಯ ಎಂಬ ಸಂಕಟ ಅವನನ್ನು ಕಾಡಿತ್ತು. ಮದುವೆಯಾಗಬೇಕಿದ್ದ ಹುಡುಗಿಗೆ ಬರೆದ ಕಾಗದಗಳಲ್ಲಿ ಅದನ್ನು ತೋಡಿಕೊಂಡಿದ್ದ. ಆಮೇಲೆ ಊರಿಗೆ ಬಂದ, ತೋಟಗಳ ಒಡೆಯನಾದ. ಸಂಕಟಕ್ಕೆ ಮದ್ದು ಕಂಡುಕೊಂಡ: ಗುಲಾಮರನ್ನು ಬಿಡುಗಡೆ ಮಾಡುವುದಲ್ಲ, ಗುಲಾಮರಿಗೆ ಧರ್ಮ ಕಲಿಸುವುದು. ಅದಕ್ಕೆಂದೇ ಪ್ರಶ್ನೋತ್ತರದ ಪುಸ್ತಕ ಬರೆದ. ಆದರೆ ಆ ಪುಸ್ತಕ ಗುಲಾಮರ ಕೈಗೆ ಹೋಗುವಂತಿಲ್ಲ. ಬಿಳಿಯನು ಓದಿ ಹೇಳಬೇಕು, ಕಪ್ಪು ಬಾಯಿ ಹಿಂದೆ ಹಿಂದೆ ಹೇಳಬೇಕು. ಅಕ್ಷರ ಬೇಡ, ಭಕ್ತಿ ಮಾತ್ರ ಸಾಕು. ಈ ಏರ್ಪಾಟು ನಮ್ಮ ಓದುಗರಿಗೆ ಹೊಸದೇನಲ್ಲ. ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದ ಶಾಸ್ತ್ರದ ನೆರಳಲ್ಲೇ ಬೆಳೆದವರು ನಾವು.

ಕ್ರೈಸ್ತ ಧರ್ಮದಲ್ಲಿ ದೀನತೆ ದೊಡ್ಡ ಗುಣ. ಸೌಮ್ಯತೆ, ಸಾತ್ವಿಕತೆ, ಶಾಂತಸ್ವಭಾವ ಅಂತಲೂ ಕನ್ನಡದಲ್ಲಿ ಕರೆಯುತ್ತಾರೆ. ಯೇಸು ಬೆಟ್ಟದ ಮೇಲೆ ಕೂತು ಜನಕ್ಕೆ ಹೇಳಿದ ಮಾತುಗಳಲ್ಲಿ ಇಂಥವರನ್ನು ಧನ್ಯರು ಎಂದ, ಭೂಮಿ ಇವರದಾಗುತ್ತದೆ ಎಂದ. ಸ್ವರ್ಗ ಅನ್ನಲಿಲ್ಲ, ಭೂಮಿ ಅಂದ. ಈ ಮಾತು ಅವನಿಗಿಂತ ಹಳೆಯದು. ಯೆಹೂದ್ಯರ 37ನೇ ಕೀರ್ತನೆಯಲ್ಲೇ ಇದೆ. ಅಲ್ಲಿ ಬರುವ ಹೀಬ್ರೂ ಪದಕ್ಕೆ ಬಡವ, ತುಳಿತಕ್ಕೆ ಸಿಕ್ಕಿದವ ಅನ್ನುವ ಅರ್ಥದ ನಂಟಿದೆ. ನೆಲ ಕಿತ್ತುಕೊಂಡವರು ಒಂದು ದಿನ ಇರುವುದಿಲ್ಲ, ನೆಲ ಕಳಕೊಂಡವರಿಗೆ ನೆಲ ಸಿಗುತ್ತದೆ ಅನ್ನೋದು ಆ ಕೀರ್ತನೆಯ ತಿರುಳು. ಅಂದರೆ ಹುಟ್ಟುವಾಗ ಇದು ಗುಣದ ಮಾತಿನಷ್ಟೇ ನ್ಯಾಯದ ಮಾತೂ ಆಗಿತ್ತು.

ಗ್ರೀಕಿಗೆ ಬಂದಾಗ ಪದ ಬದಲಾಯಿತು. ಸುವಾರ್ತೆ ಬಳಸುವ 'ಪ್ರಾವುಸ್' ಎಂಬ ಗ್ರೀಕ್ ಪದವನ್ನು ಪಳಗಿದ ಕುದುರೆಗೂ ಹೇಳುತ್ತಿದ್ದರು. ನಮ್ಮ 'ಸಾಧು' ಕೂಡ ಹಾಗೇ ಅಲ್ಲವೆ? ಹಸು ಸಾಧು, ಎತ್ತು ಸಾಧು, ಒದೆಯೋಲ್ಲ, ಹಾಯೋಲ್ಲ. ಅದೇ ಬಾಯಲ್ಲಿ, ಆ ಆಳು ಬಹಳ ಸಾಧು ಕಣ್ರೀ, ತಲೆ ಎತ್ತಿ ಮಾತಾಡಿದವನಲ್ಲ. ಹೊಗಳಿಕೆ ಒಂದೇ, ಕೊಟ್ಟಿಗೆಯೂ ಒಂದೇ.

ಆದರೆ ಈ ಗುಣವನ್ನು ಕೂತು ಯೋಚಿಸಿದವರು ಇದನ್ನು ಕೊಟ್ಟಿಗೆಗೆ ಕಟ್ಟಿರಲಿಲ್ಲ. ಗ್ರೀಸಿನ ಅರಿಸ್ಟಾಟಲ್, ಸೌಮ್ಯತೆ ಅಂದರೆ ಕೋಪವೇ ಇಲ್ಲದಿರುವುದಲ್ಲ. ತಕ್ಕ ಕಾರಣಕ್ಕೆ, ತಕ್ಕವರ ಮೇಲೆ, ತಕ್ಕಷ್ಟು ಕೋಪ ಬರುವುದು ಎಂದ. ತನಗೂ ತನ್ನವರಿಗೂ ಆದ ಅವಮಾನವನ್ನು ಸಹಿಸಿಕೊಂಡು ಕೂರುವುದು ಗುಲಾಮಬುದ್ಧಿ ಅಂತಲೂ ಎಂದ. (ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದವನೂ ಇದೇ ಮಹರಾಯ. ಅದು ಬೇರೆ ಮಾತು.) 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಅದೇ ದಾರಿ ಹಿಡಿದು, ಸೌಮ್ಯತೆ ಕೋಪವನ್ನು ಹದದಲ್ಲಿಡುವ ಗುಣ ಎಂದು ಬರೆದ. ಇಲ್ಲಿ ನಾನು ಕೇಳುವುದು ಇಷ್ಟೆ. ಕುದುರೆಗೆ ಕಡಿವಾಣ ಹಾಕಬೇಕಾದರೆ ಮೊದಲು ಕುದುರೆ ಇರಬೇಕು. ಕೋಪ ಮಾಡಿಕೊಳ್ಳುವ ಹಕ್ಕೇ ಇಲ್ಲದವನು, ಮಾಡಿಕೊಂಡರೆ ಮರಕ್ಕೆ ಕಟ್ಟಿಸಿಕೊಳ್ಳುವವನು ಬಾಯಿ ಮುಚ್ಚಿ ನಿಂತರೆ ಅದು ಗುಣ ಹೇಗಾದೀತು? ಅದು ಭಯ. ಭಯಕ್ಕೆ ಸದ್ಗುಣ ಅಂತ ಹೆಸರಿಟ್ಟವನು ಕಳ್ಳ.

ಬೈಬಲು ಭೂಮಿಯ ಮೇಲಿನ ಎಲ್ಲರಿಗಿಂತ ಸೌಮ್ಯನಾದವನು ಅಂತ ಒಬ್ಬನನ್ನು ಕರೆಯುತ್ತದೆ. ಯಾರವನು? ಮೋಶೆ. ಇಟ್ಟಿಗೆ ಹೊರುತ್ತಿದ್ದ ತನ್ನ ಜನರಲ್ಲೊಬ್ಬನನ್ನು ಐಗುಪ್ತದವನೊಬ್ಬ ಹೊಡೆಯುತ್ತಿದ್ದಾಗ ಆ ಹೊಡೆದವನನ್ನು ಕೊಂದು ಮರಳಲ್ಲಿ ಹೂತವನು. ಫರೋಹನ ಮುಂದೆ ಹೋಗಿ ನಿಂತು ನನ್ನ ಜನರನ್ನು ಬಿಡು ಅಂದವನು. ಒಂದಿಡೀ ಗುಲಾಮ ಜನಾಂಗವನ್ನು ರಾತ್ರೋರಾತ್ರಿ ನಡೆಸಿಕೊಂಡು ಹೋದವನು. ಈತ ಸೌಮ್ಯ! ಈ ಲೆಕ್ಕದಲ್ಲಿ ಸೌಮ್ಯತೆ ಅಂದರೆ ದೇವರ ಮುಂದೆ ಮಾತ್ರ ಬಾಗುವುದು. ದೇವರಿಗೆ ಬಾಗಿದ ತಲೆಯನ್ನು ಫರೋಹನಿಗೆ ಬಾಗಿಸುವಂತಿಲ್ಲ.

ಧಣಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಮೊದಲಿಗೆ ಗುಲಾಮರಿಗೆ ದೀಕ್ಷಾಸ್ನಾನ ಕೊಡುವುದಕ್ಕೂ ಹೆದರಿದರು. ಕ್ರೈಸ್ತನಾದವನನ್ನು ಗುಲಾಮನಾಗಿ ಇಟ್ಟುಕೊಳ್ಳಬಹುದೆ ಎಂಬ ಪ್ರಶ್ನೆ ಎದ್ದಾಗ ವರ್ಜೀನಿಯಾ 1667ರಲ್ಲಿ ಕಾನೂನು ಮಾಡಿತು: ದೀಕ್ಷಾಸ್ನಾನದಿಂದ ಆತ್ಮಕ್ಕೆ ಏನಾದರೂ ಆಗಲಿ, ದೇಹದ ಗುಲಾಮಗಿರಿ ಹಾಗೇ ಇರತಕ್ಕದ್ದು. 1807ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಚಮತ್ಕಾರ ನಡೆಯಿತು. ಬ್ರಿಟಿಷರ ಕೈಯಲ್ಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿ ಆರಿಸಿದ ಭಾಗಗಳ ಬೈಬಲ್ ಅಚ್ಚಾಯಿತು. ಮಾಮೂಲಿ ಬೈಬಲಿನಲ್ಲಿ 1189 ಅಧ್ಯಾಯಗಳಿದ್ದರೆ ಇದರಲ್ಲಿ 232. ಮೋಶೆ ಜನರನ್ನು ಬಿಡಿಸಿಕೊಂಡು ಹೋದ ಕಥೆ ಇಲ್ಲ. ಕ್ರಿಸ್ತನಲ್ಲಿ ಆಳು ಒಡೆಯ ಎಂಬ ಭೇದವಿಲ್ಲ ಎಂದು ಗಲಾತ್ಯದವರಿಗೆ ಬರೆದ ಮಾತು ಇಲ್ಲ. ಆಳುಗಳೇ ಒಡೆಯರಿಗೆ ವಿಧೇಯರಾಗಿರಿ ಎಂಬುದು ಮಾತ್ರ ಭದ್ರವಾಗಿ ಉಳಿದಿದೆ. ದೇವರ ವಾಕ್ಯಕ್ಕೂ ಕತ್ತರಿ ಹಾಕಿದ ಈ ಪುಸ್ತಕದ ಮೂರೇ ಪ್ರತಿಗಳು ಈಗ ಉಳಿದಿರುವುದು ಗೊತ್ತಿದೆ. ಜೋನ್ಸ್ ಕತ್ತರಿ ಹಿಡಿಯಲಿಲ್ಲ, ನಾಲಗೆಯಲ್ಲೇ ಆ ಕೆಲಸ ಮಾಡಿದ. ಫಿಲೆಮೋನನ ಕಾಗದದಲ್ಲಿ ಪೌಲ, ಇವನನ್ನು ಇನ್ನು ಆಳಾಗಿ ನೋಡಬೇಡ, ಅದಕ್ಕಿಂತ ಹೆಚ್ಚಾಗಿ, ತಮ್ಮನಂತೆ ಸೇರಿಸಿಕೋ ಅಂತಲೂ ಕೇಳಿಕೊಂಡಿದ್ದಾನೆ. ಆ ಸಾಲು ಅವನ ಕಣ್ಣ ಮುಂದೆಯೇ ಇತ್ತು.

ಅಷ್ಟು ಹೊತ್ತಿಗೆ ಕತ್ತರಿ ಕೂಡ ತಡವಾಗಿತ್ತು. 1822ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಪಟ್ಟಣದಲ್ಲಿ ಡೆನ್ಮಾರ್ಕ್ ವೆಸಿ ಎಂಬ ಬಡಗಿಯನ್ನು ನೇಣಿಗೆ ಹಾಕಿದರು. ಲಾಟರಿಯಲ್ಲಿ ಗೆದ್ದ ದುಡ್ಡು ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡು ಬಿಡುಗಡೆಯಾದವನು. ಕಪ್ಪು ಜನ ತಮ್ಮದೇ ಅಂತ ಕಟ್ಟಿಕೊಂಡ ಚರ್ಚಿನವನು. ಮೋಶೆಯ ಕಥೆ ಓದಿ ಹೇಳಿ ಗುಲಾಮರನ್ನು ದಂಗೆಗೆ ಎಬ್ಬಿಸಿದ ಅನ್ನೋದು ಆಪಾದನೆ. ದಂಗೆಯ ಸಿದ್ಧತೆ ನ್ಯಾಯಾಲಯ ಹೇಳಿದಷ್ಟು ದೊಡ್ಡದಿತ್ತೆ ಅಂತ ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ಒಟ್ಟು 35 ಜನರನ್ನು ನೇಣು ಹಾಕಿದ್ದರಲ್ಲಿ, ಅವರ ಚರ್ಚನ್ನು ಕೆಡವಿದ್ದರಲ್ಲಿ ಮಾತ್ರ ಜಗಳವಿಲ್ಲ. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎದ್ದ, ಅವನೂ ಬೋಧಕನೇ. ಮರುವರ್ಷವೇ ಅಲ್ಲಿ ಕಪ್ಪು ಜನ ಧರ್ಮಬೋಧನೆ ಮಾಡುವುದಕ್ಕೆ ನಿಷೇಧ ಬಂತು. ಜೋನ್ಸನ ದೀನತೆಯ ಪಾಠ ಶುರುವಾದದ್ದು ಈ ಬೆಂಕಿಯ ಬೆಳಕಲ್ಲಿ ಅನ್ನೋದನ್ನ ಮರೆಯಬಾರದು.

ಹಗಲು ಧಣಿಯ ಚರ್ಚು, ರಾತ್ರಿ ತಮ್ಮದು. ಕಾಡಿನ ಮರೆಯಲ್ಲಿ, ಗುಡಿಸಲ ಒಳಗೆ ಗುಲಾಮರು ಗುಟ್ಟಾಗಿ ಸೇರುತ್ತಿದ್ದರು. ಸದ್ದು ಹೊರಗೆ ಹೋಗದ ಹಾಗೆ ಕಬ್ಬಿಣದ ಗಡಿಗೆಯನ್ನು ಬೋರಲು ಹಾಕುತ್ತಿದ್ದರು, ಗಡಿಗೆ ಸದ್ದನ್ನು ನುಂಗುತ್ತದೆ ಎಂಬ ನಂಬಿಕೆ. 1930ರ ದಶಕದಲ್ಲಿ ಸರ್ಕಾರದ ಕಡೆಯವರು ಮುದುಕರಾಗಿದ್ದ ಮಾಜಿ ಗುಲಾಮರ ಮಾತುಗಳನ್ನು ಬರೆದುಕೊಂಡಾಗ ಈ ಗಡಿಗೆಯ ಸಂಗತಿಯನ್ನು ಬೇರೆ ಬೇರೆ ಊರಿನವರು ಮತ್ತೆ ಮತ್ತೆ ಹೇಳಿದ್ದಾರೆ. ಗಡಿಗೆ ಸದ್ದು ನುಂಗಿತೋ ಇಲ್ಲವೋ, ಬಿಡಿ. ಅದರ ಸುತ್ತ ಕೂತವರು ಕೇಳಿಸಿಕೊಂಡ ದೇವರು ಬೇರೆ.

ಹೊವರ್ಡ್ ಥರ್ಮನ್ ಅಂತ ಒಬ್ಬ ಕಪ್ಪು ಧರ್ಮಚಿಂತಕ. ಇಂಡಿಯಾಕ್ಕೆ ಬಂದು 1936ರಲ್ಲಿ ಗಾಂಧಿಯನ್ನು ಕಂಡು ಮಾತಾಡಿದವನು. ಅವನನ್ನು ಸಾಕಿದವಳು ಅಜ್ಜಿ, ನ್ಯಾನ್ಸಿ ಆಂಬ್ರೋಸ್. ಫ್ಲಾರಿಡಾದ ತೋಟವೊಂದರಲ್ಲಿ ಗುಲಾಮಳಾಗಿ ಹುಟ್ಟಿದವಳು. ಅವಳಿಗೆ ಓದು ಬರುತ್ತಿರಲಿಲ್ಲ. ಹುಡುಗ ಬೈಬಲ್ ಓದಬೇಕು, ಅಜ್ಜಿ ಕೇಳಬೇಕು. ಆದರೆ ಪೌಲನ ಕಾಗದ ಮಾತ್ರ ಓದಬೇಡ ಅನ್ನುತ್ತಿದ್ದಳು. ಪ್ರೀತಿಯ ಬಗ್ಗೆ ಅವನು ಬರೆದ ಒಂದು ಅಧ್ಯಾಯಕ್ಕಷ್ಟೇ ರಿಯಾಯಿತಿ. ಹುಡುಗ ದೊಡ್ಡವನಾಗಿ ಕಾಲೇಜಿಗೆ ಹೋದ ಮೇಲೆ ಧೈರ್ಯ ಮಾಡಿ ಯಾಕೆ ಅಂತ ಕೇಳಿದ. ಅಜ್ಜಿ ಹೇಳಿದ್ದು ಹೀಗೆ: ಧಣಿ ಕರೆಸುತ್ತಿದ್ದ ಬಿಳಿ ಪಾದ್ರಿ ವರ್ಷಕ್ಕೆ ಮೂರು ನಾಲ್ಕು ಸಲ ಬಂದು ಪೌಲನನ್ನೇ ಹಿಡಿದು, ಒಡೆಯರಿಗೆ ವಿಧೇಯರಾಗಿರಿ ಅಂತ ಬೋಧಿಸುತ್ತಿದ್ದ. ನನಗೆ ಯಾವತ್ತಾದರೂ ಬಿಡುಗಡೆಯಾದರೆ, ಓದು ಬಂದರೆ, ಆ ಭಾಗ ಓದೋದಿಲ್ಲ ಅಂತ ಆಗಲೇ ದೇವರಿಗೆ ಮಾತು ಕೊಟ್ಟಿದ್ದೆ. ಲಂಡನ್ನಿನ ಪಂಡಿತರು ತಮಗೆ ಬೇಕಾದ ಹಾಗೆ ಬೈಬಲನ್ನು ಕತ್ತರಿಸಿದರೆ, ಅಕ್ಷರವಿಲ್ಲದ ಈ ಅಜ್ಜಿ ತನಗೆ ಬೇಕಾದ ಹಾಗೆ ಕತ್ತರಿಸಿದಳು. ವಿಮರ್ಶೆ ಅಂದರೆ ಇದಲ್ಲದೆ ಇನ್ನೇನು? ಅದೇ ಅಜ್ಜಿ ಇನ್ನೊಬ್ಬ ಬೋಧಕನ ಕಥೆಯನ್ನೂ ಹೇಳುತ್ತಿದ್ದಳು. ಅವನೂ ಗುಲಾಮ. ಉಪದೇಶದ ಕೊನೆಗೆ ನೆರೆದವರನ್ನು ಒಬ್ಬೊಬ್ಬರನ್ನಾಗಿ ನೋಡಿ, ನೀವು ಗುಲಾಮರಲ್ಲ, ದೇವರ ಮಕ್ಕಳು ಎನ್ನುತ್ತಿದ್ದನಂತೆ. ಅದನ್ನು ಹೇಳುವಾಗ ಅಜ್ಜಿಯ ಬೆನ್ನು ನೆಟ್ಟಗಾಗುತ್ತಿತ್ತು ಅಂತ ಥರ್ಮನ್ ನೆನೆದಿದ್ದಾನೆ.

ನಡುವೆ ಅಂಕಲ್ ಟಾಮ್ ವಿಷಯ. 1852ರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ಟಾಮನ ಹೆಸರು ಆಮೇಲೆ ಬಿಳಿಯರಿಗೆ ಸಲಾಮು ಹೊಡೆಯುವವನಿಗೆ ಬೈಗುಳವಾಯಿತು. ಪುಸ್ತಕ ಓದಿದರೆ ಟಾಮ್ ಸಾಯುವುದು, ಓಡಿಹೋದ ಇಬ್ಬರು ಹೆಂಗಸರು ಎಲ್ಲಿದ್ದಾರೆ ಅಂತ ಬಾಯಿ ಬಿಡದೆ ಹೊಡೆತ ತಿಂದು. ಅಷ್ಟು ಬೈಗುಳಕ್ಕೆ ಅವನು ತಕ್ಕವನಲ್ಲ. ಆದರೂ ಅವನನ್ನು ಬರೆಯಲು ಆಧಾರವಾದವರಲ್ಲಿ ಒಬ್ಬನಾದ ಜೊಸಾಯಾ ಹೆನ್ಸನ್ 1830ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೆನಡಾಕ್ಕೆ ಓಡಿಹೋಗಿ ಬದುಕಿದ. ಬಿಳಿ ಲೇಖಕಿಗೆ ಸತ್ತ ಸೌಮ್ಯನೇ ಬೇಕಾಯಿತು.

ಇವರ ಕಥೆಗೂ ನಮಗೂ ಏನು ಸಂಬಂಧ ಅನ್ನುವವರಿಗೆ: ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು, ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್‌ಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಅವರಿಂದಲೇ ಪ್ಯಾಂಥರ್ ಎಂಬ ಹೆಸರು ತಂದರು. ನಮ್ಮವರಲ್ಲಿ ಚರ್ಚಿಗೆ ಹೋದವರ ಬಗ್ಗೆಯೂ ಬಾಬಾಸಾಹೇಬರು ಬರೆದಿದ್ದಾರೆ: ನಿನ್ನ ಪಾಡಿಗೆ ಕಾರಣ ನಿನ್ನ ಪಾಪ ಅಂತ ಕಲಿಸಿದರೆ ಹೊರತು, ಸುತ್ತಲ ಸಮಾಜ ಅಂತ ಕಲಿಸಲಿಲ್ಲ ಎಂಬುದು ಅವರ ತಕರಾರು. ಜೋನ್ಸನ ಪ್ರಶ್ನೋತ್ತರದ ಪುಸ್ತಕಕ್ಕೂ ಇದೇ ತಕರಾರು ಸಾಕು.

ಈಗ ಭೂಮಿಯ ಮಾತಿಗೆ ಬರೋಣ. 1865ರ ಜನವರಿ 12. ಅಂತರ್ಯುದ್ಧ ಮುಗಿಯುತ್ತಾ ಬಂದಿತ್ತು. ಲಿಬರ್ಟಿ ಕೌಂಟಿಗೆ ಹತ್ತಿರದ ಸವಾನಾ ಪಟ್ಟಣದಲ್ಲಿ ಜನರಲ್ ಶರ್ಮನ್ ಮತ್ತು ಯುದ್ಧ ಮಂತ್ರಿ ಸ್ಟ್ಯಾಂಟನ್ 20 ಜನ ಕಪ್ಪು ಧರ್ಮಗುರುಗಳನ್ನು ಕರೆಸಿ, ನಿಮ್ಮ ಜನಕ್ಕೆ ಏನು ಬೇಕು ಅಂತ ಕೇಳಿದರು. ಎಲ್ಲರ ಪರವಾಗಿ ಮಾತಾಡಿದವನು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ಸಾವಿರ ಡಾಲರ್ ತೆತ್ತು ತನ್ನನ್ನೂ ಹೆಂಡತಿಯನ್ನೂ ಬಿಡಿಸಿಕೊಂಡ ಬ್ಯಾಪ್ಟಿಸ್ಟ್ ಬೋಧಕ. ಅವನು ಚರ್ಚು ಕೇಳಲಿಲ್ಲ, ಕರುಣೆ ಕೇಳಲಿಲ್ಲ. ಗುಲಾಮಗಿರಿ ಅಂದರೇನು ಅಂದದ್ದಕ್ಕೆ, ಇನ್ನೊಬ್ಬನ ದುಡಿಮೆಯನ್ನು ಅವನ ಒಪ್ಪಿಗೆಯಿಲ್ಲದೆ ಬಲದಿಂದ ಕಸಿಯುವುದು ಅಂದ. ಬಿಡುಗಡೆ ಅಂದರೆ ನಮ್ಮ ದುಡಿಮೆಯ ಫಲ ನಾವೇ ಉಣ್ಣುವುದು ಅಂದ. ನಮಗೆ ನೆಲ ಬೇಕು, ನಾವೇ ಉತ್ತು ಬೆಳೆದುಕೊಳ್ಳುತ್ತೇವೆ ಅಂದ. ಬೋಧಕರು ಕೀರ್ತನೆಯನ್ನು ಅದರ ಮೂಲದ ಅರ್ಥದಲ್ಲೇ ಓದಿದ್ದರು! ನಾಲ್ಕು ದಿನಕ್ಕೆ ಆಜ್ಞೆ ಹೊರಟಿತು. ಕರಾವಳಿಯ ಸುಮಾರು 4 ಲಕ್ಷ ಎಕರೆಯಲ್ಲಿ ಒಂದು ಸಂಸಾರಕ್ಕೆ 40 ಎಕರೆವರೆಗೆ. ಆ ಬೇಸಿಗೆಯೊಳಗೆ ಸುಮಾರು 40,000 ಜನ ಅಲ್ಲಿ ನೆಲೆ ನಿಂತು ಬಿತ್ತಿದರು.

ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಹೊಸ ಅಧ್ಯಕ್ಷ ಆಂಡ್ರೂ ಜಾನ್ಸನ್ ಹಳೇ ಧಣಿಗಳನ್ನು ಕ್ಷಮಿಸಿ ನೆಲ ಅವರಿಗೇ ವಾಪಸು ಕೊಡಿಸಿದ. ಆ ಸುದ್ದಿ ಹೇಳೋಕೆ ಅಕ್ಟೋಬರದಲ್ಲಿ ದಕ್ಷಿಣ ಕೆರೊಲಿನಾದ ಎಡಿಸ್ಟೋ ದ್ವೀಪಕ್ಕೆ ಬಂದವನು ಜನರಲ್ ಆಲಿವರ್ ಹೊವರ್ಡ್. 'ಕ್ರೈಸ್ತ ಜನರಲ್' ಅಂತಲೇ ಹೆಸರಾದವನು, ಯುದ್ಧದಲ್ಲಿ ಬಲಗೈ ಕಳಕೊಂಡವನು, ಕಪ್ಪು ಜನರ ಹಿತೈಷಿ. ಚರ್ಚಿನೊಳಗೆ ಜನ ಕಿಕ್ಕಿರಿದಿದ್ದರು. ಅವನಿಗೆ ಮಾತೇ ಹೊರಡದೆ ನಿಂತಾಗ ಹೆಂಗಸೊಬ್ಬಳು ದುಃಖದ ಹಾಡು ಎತ್ತಿದಳು, ಸಭೆಯೆಲ್ಲ ದನಿಗೂಡಿಸಿತು. ಆಮೇಲೆ ಹೊವರ್ಡ್ ಹೇಳಿದ: ಮನಸ್ಸಿನ ಕಹಿ ಬಿಡಿ, ಧಣಿಗಳನ್ನು ಕ್ಷಮಿಸಿ, ಅವರ ಹತ್ತಿರ ಕೂಲಿಗೆ ಒಪ್ಪಂದ ಮಾಡಿಕೊಳ್ಳಿ.

ದ್ವೀಪದ ಜನ ಮೂವರ ಸಮಿತಿ ಮಾಡಿ ಉತ್ತರ ಬರೆಸಿದರು. ಕಾಗುಣಿತ ನೆಟ್ಟಗಿಲ್ಲದ ಆ ಕಾಗದ ಉಳಿದು ಬಂದಿದೆ. ಅದರ ಸಾರ: ನೀವು ಕ್ಷಮಿಸಿ ಅಂತೀರಿ. ನೀವು ಕಳಕೊಂಡದ್ದು ಯುದ್ಧದಲ್ಲಿ ಒಂದು ಕೈ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯನ್ನೂ ತಂಗಿಯನ್ನೂ ಬೆತ್ತಲೆ ಮಾಡಿ ಹೊಡೆದವನು, ಅವನು ಹೇಳಿದ ಕೂಲಿಗೆ ಅವನ ಹೊಲ ಮಾಡದಿದ್ದರೆ ತನ್ನ ಖಾಲಿ ಗುಡಿಸಲಲ್ಲೂ ಇರಗೊಡದವನು, ನನಗೆ ನೆಲ ಸಿಗದ ಹಾಗೆ ಮಿಕ್ಕವರ ಜೊತೆ ಒಳಸಂಚು ಮಾಡುವವನು, ಅವನನ್ನು ಕ್ಷಮಿಸುವುದು ನನಗೆ ಸುಲಭವಲ್ಲ. ಅವನು ನನ್ನನ್ನು ಕ್ಷಮಿಸಿದ ಹಾಗೆ ಕಾಣುತ್ತದೆಯೆ?

ಈ ಕೊನೆಯ ಪ್ರಶ್ನೆಯನ್ನು ಎಷ್ಟು ಸಲ ಓದಿದರೂ ಸಾಲದು. ಗುಲಾಮ ಮಾಡಿದ ತಪ್ಪಾದರೂ ಏನು, ಧಣಿ ಕ್ಷಮಿಸಬೇಕಾದ್ದು? ಬಿಡುಗಡೆಯಾದದ್ದೇ ತಪ್ಪು. ಉಳ್ಳವನು ಆ ತಪ್ಪನ್ನು ಎಂದೂ ಕ್ಷಮಿಸಿದವನಲ್ಲ. ಕ್ರೈಸ್ತರಲ್ಲವೆ ಅವರು? ಕ್ರೈಸ್ತರೇ. ಆ ಕಾಗದದಲ್ಲಿ ಕೂಗಿಲ್ಲ, ಬೈಗುಳವಿಲ್ಲ. ಹಿತೈಷಿಯ ಮುಖ ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಅರಿಸ್ಟಾಟಲ್ ಹೇಳಿದ ಹದದ ಕೋಪ ಬೇಕಾದರೆ ಇಲ್ಲಿದೆ. ನೆಲ ಮಾತ್ರ ಹೋಯಿತು.

ನೂರು ವರ್ಷಕ್ಕೆ ಎರಡು ಕಡಿಮೆ ಇರುವಾಗ, 1963ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಚಳವಳಿಗೆ ಬಂದವರಿಂದ ಒಂದು ಚೀಟಿಗೆ ರುಜು ಹಾಕಿಸಿಕೊಂಡ. ದಿನಾ ಯೇಸುವಿನ ಬದುಕು ಬೋಧನೆಗಳನ್ನು ಧ್ಯಾನಿಸುತ್ತೇನೆ ಅನ್ನೋದು ಅದರ ಮೊದಲ ಮಾತು. ಜೋನ್ಸನೂ ಅದೇ ಯೇಸುವಿನ ಹೆಸರಲ್ಲಿ ದೀನತೆ ಕಲಿಸಿದ್ದ. ಆದರೆ ಕಿಂಗ್ ಧಣಿಯ ಮನೆಗೆ ಮರಳಿ ಅನ್ನಲಿಲ್ಲ, ಬೀದಿಗೆ ಇಳಿಯಿರಿ ಅಂದ, ತಾನೂ ಇಳಿದು ಜೈಲಿಗೆ ಹೋದ. 1956ರಲ್ಲಿ ಮನೆಗೆ ಬಾಂಬು ಬಿದ್ದಾಗ ಬಂದೂಕಿಗೆ ಪರವಾನಗಿ ಕೇಳಿದ್ದವನು ಅವನು, ಕೊಡಲಿಲ್ಲ. ಕೋಪ, ಬಂದೂಕು ಎರಡನ್ನೂ ಕಂಡವನು ಬೇಕೆಂದು ಕೆಳಗಿಟ್ಟದ್ದು ಆ ಸೌಮ್ಯತೆ. ಅದಕ್ಕೆ ನಾನು ತಲೆ ಬಾಗುತ್ತೇನೆ. ಆದರೂ ನಾಯಿಗಳ ಮುಂದೆ, ನೀರಿನ ಹೊಡೆತದ ಮುಂದೆ ಮೇ ತಿಂಗಳಲ್ಲಿ ಶಾಲಾ ಮಕ್ಕಳು ನಿಂತಾಗ, ಗಂಡಸರಾದವರು ಮಕ್ಕಳನ್ನು ಮುಂದೆ ಬಿಡುವುದಿಲ್ಲ ಅಂತ ಮಾಲ್ಕಮ್ ಎಕ್ಸ್ ಆಡಿದ ಮಾತೂ ನನ್ನ ಕಿವಿಯಲ್ಲಿದೆ. ಸೆಪ್ಟೆಂಬರ್ 15ಕ್ಕೆ ಅದೇ ಊರಿನ ಚರ್ಚಿನಲ್ಲಿ ಬಾಂಬಿಗೆ ನಾಲ್ಕು ಹುಡುಗಿಯರು ಸತ್ತರು. ಈ ಇಬ್ಬರ ಜಗಳ ನನ್ನೊಳಗೆ ತೀರ್ಮಾನವಾಗಿಲ್ಲ.

ಚಾರ್ಲ್‌ಸ್ಟನ್‌ನಲ್ಲಿ 1822ರಲ್ಲಿ ಕೆಡವಿದ ಚರ್ಚಿನ ಜನ 1865ರಲ್ಲಿ ಮತ್ತೆ ಕಟ್ಟಿಕೊಂಡರು. ಹೊಸ ಕಟ್ಟಡದ ನಕ್ಷೆ ಹಾಕಿದವನು ನೇಣಿಗೆ ಹೋದ ವೆಸಿಯ ಮಗ. ಇಮ್ಯಾನುಯೆಲ್ ಎಂಬ ಅದೇ ಸಭೆಗೆ 2015ರ ಜೂನ್ 17ರ ರಾತ್ರಿ ಒಬ್ಬ ಬಿಳಿ ಹುಡುಗ ಬಂದ. ಬಾ ಅಂತ ಕೂರಿಸಿಕೊಂಡು ಬೈಬಲ್ ಓದಿದರು. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಗುಂಡು ಹಾರಿಸಿ ಪಾದ್ರಿಯೂ ಸೇರಿ 9 ಜನರನ್ನು ಕೊಂದ. ಎರಡು ದಿನಕ್ಕೆ ನ್ಯಾಯಾಲಯದಲ್ಲಿ ಸತ್ತವರ ಮನೆಯವರಲ್ಲಿ ಕೆಲವರು ಅವನಿಗೆ, ನಿನ್ನನ್ನು ಕ್ಷಮಿಸಿದ್ದೇವೆ ಅಂದರು. ಕ್ಷಮಿಸಲಾಗದವರೂ ಇದ್ದರು. ಕ್ಷಮಿಸಿದವರ ಬಗ್ಗೆ ಕೆಟ್ಟ ಮಾತಾಡಲು ನನಗೆ ಬಾಯಿಲ್ಲ. ಅದು ಅವರ ದುಃಖ, ಅವರ ದೇವರು. ನನ್ನ ಸಿಟ್ಟು ಅದನ್ನು ಹೊಗಳಿ ಹೊಗಳಿ ಮರುದಿನ ನಿದ್ದೆ ಹೋದವರ ಮೇಲೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದವರ ಬಾವುಟ ಆಗಲೂ ಆ ರಾಜ್ಯದ ಶಾಸನಸಭೆಯ ಅಂಗಳದಲ್ಲಿ ಹಾರುತ್ತಿತ್ತು.

ಜೂನ್ 27ರ ಬೆಳಿಗ್ಗೆ ಬ್ರೀ ನ್ಯೂಸಮ್ ಎಂಬ ಕಪ್ಪು ಹೆಂಗಸು ತಲೆಗೆ ಹೆಲ್ಮೆಟ್ ಹಾಕಿಕೊಂಡು ಸುಮಾರು 30 ಅಡಿಯ ಆ ಕಂಬ ಹತ್ತಿದಳು. ಪೊಲೀಸರು ಕೆಳಗಿಳಿ ಅಂದರು. ಅವಳು ಬಾವುಟ ಬಿಚ್ಚಿಕೊಂಡು, ಬಂಧನಕ್ಕೆ ಸಿದ್ಧಳಾಗಿಯೇ ಇಳಿಯುತ್ತಿದ್ದೇನೆ ಅಂತ ಹೇಳಿ ಇಳಿದಳು, ಬಾಯಲ್ಲಿ 27ನೇ ಕೀರ್ತನೆ. ಕೆಳಗೆ ಬೇಡಿ ಕಾದಿತ್ತು. ಸ್ವಲ್ಪ ಹೊತ್ತಿಗೆ ಬಾವುಟವನ್ನು ಮತ್ತೆ ಏರಿಸಿದರು. ಜುಲೈ 10ಕ್ಕೆ ಸರ್ಕಾರವೇ ಅದನ್ನು ಇಳಿಸಿತು.